ಮೊದಲು ಓದು, ಆಮೇಲೆ ತೂಕ

ಹಳೆಯ ಬೆಳ್ಳಿಯ ನಾಣ್ಯಗಳನ್ನು ಕೂಡಿಡುವುದು ಉಂಡುಟ್ಟು ಸುಖವಾಗಿರುವವರ ಹವ್ಯಾಸವೆಂದು ಅನೇಕರು ತಿಳಿದಿದ್ದಾರೆ. ಮೂರು ವರ್ಷದ ಹಿಂದೆ ನಾನೂ ಹಾಗೆಯೇ ತಿಳಿದಿದ್ದೆ.

ಕಮಲಾಪುರದ ನಮ್ಮ ಮನೆಯಲ್ಲಿ ಅಜ್ಜಿಯ ಗಂಟಿನೊಳಗೆ ಹನ್ನೆರಡು ಹಾಲಿ ರೂಪಾಯಿಗಳಿದ್ದವು. ನಾನು ಕಲಬುರಗಿಗೆ ಬಂದು ಕಾಲೇಜು ಸೇರುವಾಗ ನಮ್ಮ ತಂದೆಯವರು ಎಂಟನ್ನು ಸರಾಫನಲ್ಲಿಗೆ ಒಯ್ದರು. ಅವನು ತಕ್ಕಡಿಗೆ ಹಾಕಿ ಬೆಳ್ಳಿಯ ಬೆಲೆ ಕೊಟ್ಟ. ನನ್ನ ಫೀಜು, ಪುಸ್ತಕ ಆದವು. ಉಳಿದ ನಾಲ್ಕರಲ್ಲೊಂದನ್ನು ಕೈಗಿಟ್ಟು ಅಜ್ಜಿ ಕೇಳಿದಳು: “ಸಾಲಿ ಕಲ್ತಿದಿ ತಮ್ಮಾ, ಇದರ ಮ್ಯಾಲ ಏನ್ ಬರ್ದದ, ಓದ್ಲಾಕ ಬರ್ತದೇನು?” ಬರಲಿಲ್ಲ. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗನಾದ ನಾನು ತಲೆ ತಗ್ಗಿಸಿದೆ.

ಉರ್ದು ಬಲ್ಲ ಸಹಪಾಠಿಯೊಬ್ಬ ಓದಿ ಹೇಳಿದ. ಚಾರ್‌ಮಿನಾರಿನ ಚಿತ್ರವಿರುವ ಆ ರೂಪಾಯಿ ಹೈದರಾಬಾದಿನ ಟಂಕಸಾಲೆಯದು. ಹಿಜರಿ 1330, ಅಂದರೆ ಕ್ರಿ.ಶ. 1912ರ ಸುಮಾರಿನದು. ದೇಶದ ತುಂಬ ಬ್ರಿಟಿಷರ ರೂಪಾಯಿ ನಡೆಯುತ್ತಿದ್ದಾಗಲೂ ನಿಜಾಮರ ರಾಜ್ಯ ತನ್ನ ಹಾಲಿ ಸಿಕ್ಕಾವನ್ನು ಬಿಡಲಿಲ್ಲ. 1948ರಲ್ಲಿ ಆ ರಾಜ್ಯ ಭಾರತಕ್ಕೆ ಸೇರಿತು. 1950ರಲ್ಲಿ ಏಳು ಹಾಲಿಗೆ ಆರು ಭಾರತೀಯ ರೂಪಾಯಿಯ ಲೆಕ್ಕ ಬಂದಿತು. 1956ರಲ್ಲಿ ಕಲಬುರಗಿ ಮೈಸೂರು ರಾಜ್ಯದ್ದಾಯಿತು. ಹಾಲಿಯ ಮಾನ್ಯತೆ ಪೂರ್ತಿ ತೀರಿದ್ದು 1959ರಲ್ಲಿ. ರಾಜ್ಯ ಮೊದಲು ಹೋಯಿತು, ರೂಪಾಯಿ ಆಮೇಲೆ!

ಜರ್ಮನಿಯ ಕಥೆಯೂ ಇಂಥದೇ. 1871ಕ್ಕೆ ಮೊದಲು ಪ್ರಷ್ಯ, ಬವೇರಿಯ, ಸ್ಯಾಕ್ಸನಿ ಮುಂತಾದ ರಾಜ್ಯಗಳು ತಮ್ಮ ತಮ್ಮ ಬೆಳ್ಳಿಯ ನಾಣ್ಯಗಳನ್ನು ಟಂಕಿಸುತ್ತಿದ್ದವು. ದೇಶ ಒಂದಾಗಿ ಮಾರ್ಕ್ ಬಂದರೂ, ಹಳೆಯ ಥಾಲರು ಮೂರು ಮಾರ್ಕಿನ ಲೆಕ್ಕದಲ್ಲಿ 1907ರವರೆಗೆ ನಡೆಯಿತು. ಈಗ ಸಂಗ್ರಾಹಕರು ಅವನ್ನು ರಾಜ್ಯವಾರು ಜೋಡಿಸಿ ಚರಿತ್ರೆ ಓದುತ್ತಾರೆ. ನಾವೋ, ತಕ್ಕಡಿಗೆ ಹಾಕುತ್ತೇವೆ.

ಬಡವರು ಮಾರಬಾರದೆಂದು ನಾನು ಹೇಳುವುದಿಲ್ಲ; ಎಂಟು ರೂಪಾಯಿ ಕರಗಿಸಿ ಓದಿದವನಿಗೆ ಆ ಅಧಿಕಾರವೆಲ್ಲಿ? ಆದರೆ ಕರಗುವ ಮುನ್ನ ಎರಡೂ ಬದಿಯ ಚಿತ್ರ, ಇಸವಿ, ತೂಕ, ಯಾರ ಮನೆಗೆ ಹೇಗೆ ಬಂದಿತೆಂಬುದನ್ನು ಬರೆದಿಡಬಾರದೆ? ಅಪರೂಪದ ಇಸವಿಯದಾದರೆ ಬೆಳ್ಳಿಗಿಂತ ಹೆಚ್ಚಿನ ಬೆಲೆಯೂ ಬಂದೀತು. ಸರಕ್ಕೆ ಪೋಣಿಸಲು ಬೆಸೆದ ಕೊಂಡಿಯಿದ್ದರೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ. ನನಗೆ ಆ ಕೊಂಡಿಯೂ ಚರಿತ್ರೆಯೇ. 1347ರಲ್ಲಿ ಬಹಮನಿಗಳ ರಾಜಧಾನಿಯಾಗಿ, ತಾನೇ ನಾಣ್ಯ ಟಂಕಿಸಿದ ಊರಿನಲ್ಲಿ ಓದುವ ನಾವು ಕಾಲೇಜಿನಲ್ಲಿ ಇದಕ್ಕೊಂದು ದಫ್ತರ ತೆರೆಯಬೇಕು.

ಉಳಿದ ನಾಲ್ಕನ್ನು ನಾನು ಬರೆದಿಟ್ಟಿದ್ದೇನೆ. ಹೋದ ಎಂಟರ ಮೇಲೆ ಯಾವ ಇಸವಿಯಿತ್ತೋ, ಯಾರೂ ನೋಡಲಿಲ್ಲ.