ಹಂಸದ ತಾರೆಗೆ ಕಾವಲು

ಆಕಾಶದ ರಾಜಹಂಸ ಮಂಡಲದಲ್ಲಿ ಬರಿಗಣ್ಣಿಗೆ ಗೋಚರಿಸದ ತಾರೆಯೊಂದಿದೆ. ಹೆಸರು ಎಸ್.ಎಸ್. ಸಿಗ್ನಿ. 1896ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಲೂಯಿಸಾ ವೆಲ್ಸ್ ಎಂಬಾಕೆ ಇದರ ಚಂಚಲ ಸ್ವಭಾವವನ್ನು ಕಂಡುಹಿಡಿದಳು. ವಾರಗಟ್ಟಲೆ ಮಂಕಾಗಿರುವ ಈ ತಾರೆ ಒಂದೆರಡು ದಿನಗಳಲ್ಲೇ ಸುಮಾರು 40 ಪಟ್ಟು ಬೆಳಗಿ, ಒಂದೆರಡು ವಾರ ಮೆರೆದು, ಮತ್ತೆ ಕುಂದುತ್ತದೆ. ಸರಾಸರಿ 50 ದಿನಗಳಿಗೊಮ್ಮೆ ಈ ಉಜ್ವಲನ. ಆದರೆ ಗ್ರಹಣದಂತೆ ಪಂಚಾಂಗದಲ್ಲಿ ಬರೆದಿಡುವಂತಿಲ್ಲ. ಒಮ್ಮೆ ನಾಲ್ಕೇ ವಾರಗಳಲ್ಲಿ ಬರುತ್ತದೆ, ಒಮ್ಮೆ ಹತ್ತು ವಾರ ಕಾಯಿಸುತ್ತದೆ.

ಇಂಥವನ್ನು ಕುಬ್ಜ ನೋವಾಗಳೆನ್ನುತ್ತಾರೆ. ನಮಗೆ ಒಂದಾಗಿ ತೋರುವ ಇದು ನಿಜವಾಗಿ ಜೋಡಿ. ಒಂದು ಶ್ವೇತಕುಬ್ಜ, ಗಾತ್ರದಲ್ಲಿ ಭೂಮಿಯಷ್ಟು, ತೂಕದಲ್ಲಿ ಹೆಚ್ಚುಕಡಿಮೆ ಸೂರ್ಯನಷ್ಟು. ಇನ್ನೊಂದು ಕೆಂಬಣ್ಣದ ಸಾಧಾರಣ ತಾರೆ. ಆರೂವರೆ ಗಂಟೆಗೊಮ್ಮೆ ಇವು ಪರಸ್ಪರ ಸುತ್ತುತ್ತವೆ. ಸಂಗಾತಿಯಿಂದ ಶ್ವೇತಕುಬ್ಜ ಸೆಳೆದುಕೊಂಡ ಅನಿಲ ನೇರವಾಗಿ ಅದರ ಮೇಲೆ ಬೀಳದೆ, ಸುತ್ತಲೂ ತಟ್ಟೆಯಾಕಾರದಲ್ಲಿ ತಿರುಗುತ್ತ ಶೇಖರವಾಗುತ್ತದೆ. ಶೇಖರಣೆ ಮಿತಿಮೀರಿದಾಗ ತಟ್ಟೆ ಕಾಯ್ದು, ಜಲಜನಕದ ಪರಮಾಣುಗಳು ಒಡೆದು, ಅನಿಲದ ಒಳತಿಕ್ಕಾಟ ಹೆಚ್ಚಿ, ಕಟ್ಟೆಯೊಡೆದ ಕೆರೆಯಂತೆ ಎಲ್ಲವೂ ಒಳಕ್ಕೆ ಧಾವಿಸುತ್ತದೆ. ಆ ಧಾವಂತದ ಶಾಖವೇ ನಾವು ಕಾಣುವ ಬೆಳಕು.

ವಿವರಣೆ ಸೊಗಸಾಗಿತ್ತು. ಆದರೆ 1999ರಲ್ಲಿ ಹಬಲ್ ದೂರದರ್ಶಕದ ಅಳತೆ ಈ ತಾರೆಯನ್ನು ಸುಮಾರು 520 ಜ್ಯೋತಿರ್ವರ್ಷಗಳಾಚೆ ಇಟ್ಟಿತು. ಅಷ್ಟು ದೂರದಿಂದಲೂ ಇಷ್ಟು ಬೆಳಗಬೇಕಾದರೆ ಅನಿಲದ ಪ್ರವಾಹ ಬಹಳ ಹೆಚ್ಚಿರಬೇಕು. ಹಾಗಿದ್ದರೆ ತಟ್ಟೆ ಸದಾ ಕಾಯ್ದೇ ಇರಬೇಕು, ಉಜ್ವಲನವೇ ಆಗಕೂಡದು! ಆಗುತ್ತಿರುವುದನ್ನು ಆಗಕೂಡದೆಂದು ಸಾರುವ ಸಿದ್ಧಾಂತಕ್ಕೆ ಉಳಿಗಾಲವೆಲ್ಲಿ?

ರೇಡಿಯೋ ದೂರದರ್ಶಕಗಳಿಂದ ಮತ್ತೊಮ್ಮೆ ಅಳೆಯಬಹುದಾಗಿತ್ತು. ತೊಡಕೆಂದರೆ, ಈ ತಾರೆ ಅಳತೆಗೆ ಸಾಲುವಷ್ಟು ರೇಡಿಯೋ ಅಲೆಗಳನ್ನು ಸೂಸುವುದು ಉಜ್ವಲನದ ಸಮಯದಲ್ಲಿ ಮಾತ್ರ. ಆ ಗಳಿಗೆಯನ್ನು ತಿಳಿಸುವವರು ಯಾರು? ದೊಡ್ಡ ವೀಕ್ಷಣಾಲಯಗಳಿಗೆ ಒಂದೇ ತಾರೆಗೆ ಪ್ರತಿರಾತ್ರಿ ಕಾವಲಿರುವ ಬಿಡುವೆಲ್ಲಿ?

ಕಾವಲುಗಾರರು ಮೊದಲೇ ಇದ್ದರು. ಕಾಂತಿ ಬದಲಾಗುವ ತಾರೆಗಳನ್ನು ನೋಡುವ ಹವ್ಯಾಸಿಗಳ ಸಂಘವೊಂದು ಅಮೆರಿಕದಲ್ಲಿ 1911ರಲ್ಲೇ ಹುಟ್ಟಿತ್ತು. ಅದರ ಸದಸ್ಯರು ದೇಶದೇಶಗಳಲ್ಲಿದ್ದಾರೆ. ಒಬ್ಬರ ಊರಿನಲ್ಲಿ ಮೋಡವಿದ್ದರೆ ಇನ್ನೊಬ್ಬರದು ನಿರ್ಮಲ. ವಿಧಾನ ಸರಳ. ಕಾಂತಿ ಗೊತ್ತಿರುವ ನೆರೆಯ ತಾರೆಗಳೊಡನೆ ಹೋಲಿಸಿ, ಅದಕ್ಕಿಂತ ಮಂಕು, ಇದಕ್ಕಿಂತ ಪ್ರಕಾಶ ಎಂದು ನಿರ್ಧರಿಸಿ, ವೇಳೆಯೊಡನೆ ಬರೆದಿಡುವುದು. ಬಹುಪಾಲು ರಾತ್ರಿಗಳ ವರದಿ 'ಇಂದೂ ಮಂಕು' ಎಂದಷ್ಟೇ. ನೀರಸವೆನ್ನಿಸಬಹುದು, ಆದರೆ ನಿನ್ನೆ ಮಂಕಾಗಿತ್ತೆಂದು ಬರೆದಿಟ್ಟವರಿಲ್ಲದಿದ್ದರೆ ಇಂದು ಬೆಳಗತೊಡಗಿತೆಂದು ಹೇಳುವುದು ಹೇಗೆ?

2010ರಿಂದ 2012ರವರೆಗೆ ಈ ಹವ್ಯಾಸಿಗಳ ಸೂಚನೆ ಬಂದೊಡನೆ ಅಮೆರಿಕ, ಯೂರೋಪುಗಳ ರೇಡಿಯೋ ದೂರದರ್ಶಕಗಳು ಹಂಸದತ್ತ ತಿರುಗಿದವು. ಭೂಮಿ ಸೂರ್ಯನನ್ನು ಸುತ್ತುವಾಗ ತಾರೆ ತೋರುವ ಸೂಕ್ಷ್ಮ ಸ್ಥಾನಾಂತರವನ್ನು, ಕದಲದಷ್ಟು ದೂರದಲ್ಲಿರುವ ಗೆಲಾಕ್ಸಿಗಳ ಹಿನ್ನೆಲೆಯಲ್ಲಿ ಅಳೆದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು: ದೂರ ಸುಮಾರು 370 ಜ್ಯೋತಿರ್ವರ್ಷ. ತಾರೆ ಹತ್ತಿರ ಬಂದಂತೆ ಅದರ ನಿಜಕಾಂತಿಯ ಲೆಕ್ಕ ಅರ್ಧಕ್ಕಿಳಿಯಿತು, ಸಿದ್ಧಾಂತ ಉಳಿಯಿತು. ಮುಂದೆ ಗಾಯಾ ಎಂಬ ಯೂರೋಪಿನ ವ್ಯೋಮನೌಕೆ ಅಳೆದಾಗಲೂ ಹೆಚ್ಚುಕಡಿಮೆ ಅದೇ ದೂರ ಬಂದಿತು.