ಮುಚ್ಚಿದ ಅಂಗಡಿಯ ಚಿತ್ರ

ನಮ್ಮ ವರ್ತಕ ಬಂಧುಗಳು ಒಮ್ಮೆ ನೋಡಲೇಬೇಕಾದ ವ್ಯಂಗ್ಯಚಿತ್ರವೊಂದಿದೆ. ಲಂಡನ್ನಿನ ಜೇಮ್ಸ್ ಗಿಲ್‌ರೇ 1806ರ ಮೇ ತಿಂಗಳಲ್ಲಿ ರಚಿಸಿದ ಚಿತ್ರವದು. ತಾಮ್ರದ ತಗಡಿನಿಂದ ಅಚ್ಚೊತ್ತಿದ ಹಾಳೆಗಳಿಗೆ ಕೈಯಿಂದಲೇ ಬಣ್ಣ ತುಂಬಿ ಮಾರುತ್ತಿದ್ದ ಕಾಲವದು. ಇಂಗ್ಲೆಂಡಿನ ಸಾಮಾನ್ಯ ಪ್ರಜೆಯ ಪ್ರತೀಕನಾದ ಜಾನ್ ಬುಲ್ ಇಲ್ಲಿ ಅಂಗಡಿಕಾರನಾಗಿದ್ದಾನೆ. ಅಂಗಡಿ ಮುಚ್ಚಿ, ಕಟ್ಟಡ ಬಾಡಿಗೆಗಿದೆಯೆಂಬ ಫಲಕ ಬಿದ್ದಿದೆ. ಆತ ಸಂಸಾರಸಮೇತ ಮೇಲಂತಸ್ತಿನ ಕಿಟಕಿಯಲ್ಲಿ ನಿಂತು ಗೋಳಿಡುತ್ತಿದ್ದಾನೆ. ಕೆಳಗೆ ಕರ ವಸೂಲಿಗೆ ಬಂದಿರುವವರು ಹಣಕಾಸು ಸಚಿವ ಲಾರ್ಡ್ ಹೆನ್ರಿ ಪೆಟ್ಟಿ ಹಾಗೂ ಜನಮಿತ್ರನೆನಿಸಿಕೊಂಡ ಚಾರ್ಲ್ಸ್ ಜೇಮ್ಸ್ ಫಾಕ್ಸ್.

ಆ ವರ್ಷ ಆದಾಯ ತೆರಿಗೆಯ ದರ ಶೇಕಡಾ 6.25ರಿಂದ 10ಕ್ಕೆ ಏರಿತ್ತು. ಸಿಟ್ಟು ಸಹಜವೇ. ಆದರೆ ಲೆಕ್ಕಪರಿಶೋಧಕನ ಅಭ್ಯಾಸ ಬಿಡದು. ಯಾವ ದಾಖಲೆ ಕೈಗೆ ಬಂದರೂ ಇದನ್ನು ತಯಾರಿಸಿದವರಾರು, ಅವರಿಗೆ ಹಣ ಕೊಟ್ಟವರಾರು ಎಂದು ಕೇಳುತ್ತೇನೆ. 1799ರಲ್ಲಿ ಈ ತೆರಿಗೆಯನ್ನು ಮೊದಲು ಜಾರಿಗೆ ತಂದವನು ಫಾಕ್ಸನ ಎದುರಾಳಿ ವಿಲಿಯಂ ಪಿಟ್. ಆಗಲೂ ಗರಿಷ್ಠ ದರ ಶೇಕಡಾ 10 ಇತ್ತು. ಇದೇ ಗಿಲ್‌ರೇ 1795ರಲ್ಲಿ, ಪಿಟ್ ಜಾನ್ ಬುಲ್‌ನನ್ನು ಕಾಫಿ ಬೀಸುವ ಯಂತ್ರದಲ್ಲಿ ಹಾಕಿ ನಾಣ್ಯ ಸುರಿಸಿಕೊಳ್ಳುವಂತೆ ಚಿತ್ರಿಸಿದ್ದ. ಎರಡು ವರ್ಷಗಳ ಬಳಿಕ ಪಿಟ್ ಸರ್ಕಾರದಿಂದ ಅವನಿಗೆ ಪಿಂಚಣಿ ದೊರೆಯಿತು. 1806ರ ಚಿತ್ರದಲ್ಲಿ ಅಪವಾದವೆಲ್ಲ ಹೊಸ ಸರ್ಕಾರದ ತಲೆಗೇ! (ಗಿಲ್‌ರೇ ಕೂಡ ವಾಸವಾಗಿದ್ದುದು ಅಂಗಡಿಯ ಮೇಲೆಯೇ, ಅವನ ಚಿತ್ರಗಳನ್ನು ಮಾರುತ್ತಿದ್ದ ಹನ್ನಾ ಹಂಫ್ರಿ ಎಂಬಾಕೆಯ ಅಂಗಡಿಯದು.)

ಜಾನ್ ಬುಲ್‌ನ ಕಷ್ಟ ಸುಳ್ಳಲ್ಲ, ಆದರೆ ಅದು ಪರರ ರಾಜಕೀಯಕ್ಕೆ ಸರಕಾಯಿತು. ನಮ್ಮಲ್ಲಿಯೂ ಆಯವ್ಯಯ ಪತ್ರ ಮಂಡನೆಯಾದೊಡನೆ ಇದನ್ನೇ ಕಾಣುತ್ತೇವೆ. ತಮ್ಮ ಪಕ್ಷ ಅಧಿಕಾರದಲ್ಲಿದ್ದಾಗ ಸಹ್ಯವೆನಿಸಿದ ದರವೇ ಎದುರು ಪಕ್ಷ ಬಂದೊಡನೆ ಸುಲಿಗೆಯೆನಿಸುತ್ತದೆ. ಮೂಲದಲ್ಲೇ ತೆರಿಗೆ ಕಡಿತ ಮಾಡುವ ಕ್ರಮ ಬ್ರಿಟನ್ನಿನಲ್ಲಿ 1803ರಲ್ಲಿ ಬಂದದ್ದು, ಎಷ್ಟೋ ಮಂತ್ರಿಮಂಡಲಗಳನ್ನು ದಾಟಿ ಉಳಿದಿದೆ. 1860ರಲ್ಲಿ ಭಾರತಕ್ಕೆ ಆದಾಯ ತೆರಿಗೆಯನ್ನು ತಂದ ಜೇಮ್ಸ್ ವಿಲ್ಸನ್ ಹಿಂದೊಮ್ಮೆ ಟೋಪಿ ತಯಾರಕನಾಗಿದ್ದವನು, ಅಂದರೆ ನಮ್ಮವನೇ.

ಆದ್ದರಿಂದ ನಮ್ಮ ಸಂಸ್ಥೆಯು ಮುಂದಿನ ಆಯವ್ಯಯಕ್ಕೆ ಮುನ್ನ ಸಲ್ಲಿಸುವ ಮನವಿಪತ್ರಕ್ಕೆ ಕಳೆದ ಇಪ್ಪತ್ತು ವರ್ಷಗಳ ತೆರಿಗೆ ದರ, ಮರುಪಾವತಿಯ ವಿಳಂಬ, ಅದರಿಂದ ಸಿಕ್ಕಿಬಿದ್ದ ದುಡಿಮೆಯ ಬಂಡವಾಳ, ಇವುಗಳ ಒಂದು ಪಟ್ಟಿಯನ್ನು ಲಗತ್ತಿಸಲಿ. ಆ ಪಟ್ಟಿಯಲ್ಲಿ ಯಾವ ಸಚಿವರ ಹೆಸರೂ ಬೇಡ.