ಬೆಕ್ಕಿನ ಪಾಲನ್ನೂ ಬೇಯಿಸೋಣ

ನಮ್ಮ ಕಾಲೇಜಿನಲ್ಲಿ ಬೆಕ್ಕು ಸಾಕುವವರಿಗೆ ಕೊರತೆಯಿಲ್ಲ. ಇತ್ತೀಚೆಗೆ ಅವರ ನಡುವೆ ಹೊಸ ವಾದವೊಂದು ಕೇಳಿಬರುತ್ತಿದೆ. ಬೆಕ್ಕು, ನಾಯಿಗಳಿಗೆ ಬೇಯಿಸಿದ್ದನ್ನು ಕೊಡಬಾರದು, ಹಸಿ ಮಾಂಸವನ್ನೇ ಕೊಡಬೇಕು, ಅದೇ ಪ್ರಕೃತಿಯ ನಿಯಮ ಎನ್ನುವುದು ಆ ವಾದ. ರೀಲ್‌ಗಳಲ್ಲಿ ಇದಕ್ಕೆ ‘ಬಾರ್ಫ್’ ಎಂಬ ಹೆಸರೂ ಇದೆ. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1993ರಲ್ಲಿ ನಾಯಿಗಳಿಗೆ ಹಸಿ ಎಲುಬು, ಹಸಿ ಮಾಂಸ ಕೊಡಬೇಕೆಂದು ಪುಸ್ತಕ ಬರೆದ ಮೇಲೆ ಈ ಪದ್ಧತಿ ಹಲವು ದೇಶಗಳಿಗೆ ಹರಡಿತು. ನಮ್ಮಲ್ಲಿ ಇದು ಸುಲಭವೂ ಹೌದು. ಕೋಳಿ ಅಂಗಡಿಯಲ್ಲಿ ಕೇಳಿದರೆ ಕತ್ತು, ಕಾಲು, ಚರ್ಮ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ನನ್ನ ಅಭಿಪ್ರಾಯ ಬೇರೆ. ಬೆಕ್ಕಿಗೆ ಮಾಂಸ ಕೊಡೋಣ, ಆದರೆ ಬೇಯಿಸಿ ಕೊಡೋಣ.

ಹಸಿ ಮಾಂಸದ ಪರ ಇರುವವರ ಒಂದು ಮಾತು ಸರಿಯಿದೆ. ಬೆಕ್ಕು ಮಾಂಸಾಹಾರಿ ಪ್ರಾಣಿ. ಹಾಲು, ಅನ್ನ ಹಾಕಿ ಅದನ್ನು ಆರೋಗ್ಯವಾಗಿ ಸಾಕಲು ಆಗದು. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಟಾರಿನ್ ಎಂಬ ಪೋಷಕಾಂಶ ಬೇಕು. ಅದನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಬೆಕ್ಕಿನ ದೇಹಕ್ಕಿಲ್ಲ. ಅದು ಮಾಂಸ, ಮೀನಿನಿಂದಲೇ ಬರಬೇಕು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಸರಿಯಾಗಿ ಜೀರ್ಣವೂ ಆಗುವುದಿಲ್ಲ.

ಇಲ್ಲಿಂದ ಮುಂದೆ ಅವರು ಅಮೆರಿಕದ ಡಾಕ್ಟರ್ ಫ್ರಾನ್ಸಿಸ್ ಪಾಟೆಂಜರ್ ಅವರ ಪ್ರಯೋಗವನ್ನು ಮುಂದಿಡುತ್ತಾರೆ. 1932ರಿಂದ 1942ರವರೆಗೆ ನಡೆದ ಆ ಪ್ರಯೋಗದಲ್ಲಿ ಹಸಿ ಮಾಂಸ ತಿಂದ ಬೆಕ್ಕುಗಳು ಚೆನ್ನಾಗಿದ್ದವು, ಬೇಯಿಸಿದ ಮಾಂಸ ತಿಂದವು ಸೊರಗಿದವು. ಆದರೆ ಬೆಕ್ಕಿಗೆ ಟಾರಿನ್ ಎಷ್ಟು ಮುಖ್ಯ ಎಂಬುದು ಆಗ ಗೊತ್ತಿರಲಿಲ್ಲ. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟ ಹಾಳಾಗುತ್ತದೆ ಎಂಬುದು 1970ರ ದಶಕದಲ್ಲಿ, ಹೃದಯ ದುರ್ಬಲವಾಗುತ್ತದೆ ಎಂಬುದು 1987ರಲ್ಲಿ ತಿಳಿಯಿತು. ಮಾಂಸ ಬೇಯಿಸುವಾಗ ಟಾರಿನ್‌ನ ಒಂದಷ್ಟು ಭಾಗ ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲಿದರೆ ಬೆಕ್ಕಿಗೆ ನಷ್ಟ. ಹಾಗಾದರೆ ಪರಿಹಾರ ಹಸಿ ಮಾಂಸವಲ್ಲ, ಬೇಯಿಸಿದ ನೀರನ್ನೂ ಸೇರಿಸಿ ಕೊಡುವುದು.

ಕಾಡಿನ ಬೆಕ್ಕು ಹಸಿಯನ್ನೇ ತಿನ್ನುವುದಿಲ್ಲವೇ ಎಂದು ಕೇಳಬಹುದು. ಅದು ಆಗತಾನೇ ಹಿಡಿದ ಇಲಿಯನ್ನು ಎಲುಬು, ಕರುಳು ಸಮೇತ ತಿನ್ನುತ್ತದೆ. ನಾವು ಕೊಡುವುದು ಹಲವು ಕೋಳಿಗಳನ್ನು ಕೊಯ್ದ ಒಂದೇ ಮರದ ತುಂಡಿನ ಮೇಲೆ ಬಿದ್ದು, ಬಿಸಿಲಲ್ಲಿ ಮನೆ ತಲುಪಿದ ತುಂಡು. ಅದರಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿಯಂತಹ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010–12ರಲ್ಲಿ, ಸಾಕುಪ್ರಾಣಿಗಳಿಗೆಂದೇ ಮಾರುವ ಹಸಿ ಆಹಾರದ 196 ಮಾದರಿಗಳನ್ನು ಪರೀಕ್ಷಿಸಿದಾಗ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕಿತು. ಫ್ರೀಜರ್‌ನಲ್ಲಿಟ್ಟರೆ ಇವು ಸಾಯುವುದಿಲ್ಲ, ಬೆಳೆಯದೆ ಸುಮ್ಮನಿರುತ್ತವೆ ಅಷ್ಟೆ. ಬೆಂಕಿ ಮಾತ್ರ ಅವನ್ನು ಕೊಲ್ಲುತ್ತದೆ.

ಬೆಕ್ಕಿನ ಹೊಟ್ಟೆ ಇದನ್ನು ತಡೆದುಕೊಂಡೀತು. ಮನೆಯವರ ಹೊಟ್ಟೆ? ಬೆಕ್ಕು ಅಶುದ್ಧವಲ್ಲ, ಅದು ನಮ್ಮ ಸುತ್ತ ಓಡಾಡುವ ಜೀವಿ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಆದ್ದರಿಂದಲೇ ನಮ್ಮ ಮನೆಗಳಲ್ಲಿ ಅದು ಅಡುಗೆಕೋಣೆಯಿಂದ ನಮಾಝಿನ ಚಾಪೆಯವರೆಗೆ ಎಲ್ಲೆಡೆ ಓಡಾಡುತ್ತದೆ. ಶುದ್ಧಿಯ ಪ್ರಶ್ನೆ ಬೇರೆ, ರೋಗಾಣುವಿನ ಪ್ರಶ್ನೆ ಬೇರೆ. ಹಸಿ ಕೋಳಿ ತಿಂದ ಬಾಯಿಯಿಂದ ಅದು ತನ್ನ ಮೈ ನೆಕ್ಕಿಕೊಳ್ಳುತ್ತದೆ, ಅದೇ ಮೈಯನ್ನು ಪುಟ್ಟ ತಂಗಿ ತಬ್ಬಿಕೊಳ್ಳುತ್ತಾಳೆ. ಚಿಕ್ಕ ಮಕ್ಕಳಿಗೆ, ವಯಸ್ಸಾದ ಅಜ್ಜಿಗೆ, ಗರ್ಭಿಣಿಯರಿಗೆ ಈ ಸೋಂಕುಗಳು ಸಣ್ಣ ವಿಷಯವಲ್ಲ.

ಹಕ್ಕಿಜ್ವರದ ಸುದ್ದಿಯನ್ನೂ ಮರೆಯಬಾರದು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮನೆಯೊಳಗೇ ಇದ್ದ ಬೆಕ್ಕೊಂದು ಎಚ್5ಎನ್1 ವೈರಸ್‌ನಿಂದ ಸತ್ತಿತು. ಅದು ತಿಂದಿದ್ದ ಟರ್ಕಿ ಕೋಳಿಯ ಹಸಿ ಆಹಾರದಲ್ಲೇ ಆ ವೈರಸ್ ಇತ್ತು. 2025ರ ಆರಂಭದಲ್ಲಿ ನಮ್ಮದೇ ದೇಶದ ಮಧ್ಯಪ್ರದೇಶದ ಛಿಂದ್ವಾಡಾದಲ್ಲೂ ಸಾಕುಬೆಕ್ಕುಗಳಲ್ಲಿ ಎಚ್5ಎನ್1 ಪತ್ತೆಯಾಯಿತು.

ಕರಾವಳಿಯವರಾದ ನಮಗೆ ಮೀನಿನ ಮಾತೂ ಮುಖ್ಯ. ಕೆಲವು ಜಾತಿಯ ಹಸಿ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ವಿಟಮಿನ್ನನ್ನು ನಾಶ ಮಾಡುತ್ತದೆ. ದಿನವೂ ಅಂಥ ಹಸಿ ಮೀನನ್ನೇ ತಿಂದ ಬೆಕ್ಕಿಗೆ ಕತ್ತು ಬಾಗುವುದು, ಫಿಟ್ಸ್ ಬರುವುದು ಉಂಟು. ಬೇಯಿಸಿದರೆ ಆ ಕಿಣ್ವ ನಿಷ್ಕ್ರಿಯವಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಇರುವುದು ಬಕ್ರೀದ್ ದಿನಗಳ ಬಗ್ಗೆ. ಕುರ್ಬಾನಿಯ ಪ್ರಾಣಿಯ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳು ಕಾಣುತ್ತವೆ. ಅಂಥದ್ದನ್ನು ಕತ್ತರಿಸಿ ಬೀದಿ ನಾಯಿಗೆ ಎಸೆಯುವವರಿದ್ದಾರೆ. ನಾಯಿಗೂ ಒಂದು ಪಾಲು ಸಿಗಲಿ ಎಂಬ ಕರುಣೆ ಅದರಲ್ಲಿದೆ. ಆದರೆ ಆ ಗುಳ್ಳೆ ಎಕಿನೋಕಾಕಸ್ ಎಂಬ ಹುಳದ ಮರಿಗಳ ಗೂಡಾಗಿರಬಹುದು. ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಅವು ಬೆಳೆದು, ಮೊಟ್ಟೆಗಳು ಮಲದೊಂದಿಗೆ ಹೊರಬೀಳುತ್ತವೆ. ಮಣ್ಣು, ಸೊಪ್ಪು, ಕೈಯ ಮೂಲಕ ಮನುಷ್ಯನ ಹೊಟ್ಟೆ ಸೇರಿದರೆ ನಮ್ಮ ಲಿವರ್, ಶ್ವಾಸಕೋಶಗಳಲ್ಲೂ ಅಂಥದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಇದಕ್ಕೆ ಹೈಡಾಟಿಡ್ ರೋಗ ಎನ್ನುತ್ತಾರೆ. ಎಷ್ಟೋ ಸಲ ಆಪರೇಷನ್ ಬೇಕಾಗುತ್ತದೆ. ಈ ಸರಪಳಿಯನ್ನು ತುಂಡರಿಸುವುದು ನಮ್ಮ ಕೈಯಲ್ಲೇ ಇದೆ. ಗುಳ್ಳೆಯಿರುವ ಭಾಗವನ್ನು ನಾಯಿ ಕೆದಕಿ ತೆಗೆಯದಷ್ಟು ಆಳಕ್ಕೆ ಹೂಳಬೇಕು. ನಾಯಿಗೆ ಕೊಡಬೇಕೆಂದಿದ್ದರೆ ಒಳ್ಳೆಯ ಭಾಗವನ್ನೇ ಚೆನ್ನಾಗಿ ಕುದಿಸಿ ಕೊಡಬೇಕು. ಪ್ರತಿ ಮೊಹಲ್ಲಾದಲ್ಲಿ ನಾಲ್ಕೈದು ವಿದ್ಯಾರ್ಥಿಗಳು ಈ ಕೆಲಸಕ್ಕೆ ನಿಂತರೆ ಸಾಕು.

ಬೇಯಿಸಲು ಸಮಯವೆಲ್ಲಿದೆ ಎನ್ನುವವರಿಗೆ ನನ್ನ ಉತ್ತರ: ಹೇಗೂ ಮನೆಯಲ್ಲಿ ಒಲೆ ಉರಿಯುತ್ತಿರುತ್ತದೆ. ಮಸಾಲೆ ಹಾಕುವ ಮೊದಲೇ ಬೆಕ್ಕಿನ ಪಾಲನ್ನು ಚಿಕ್ಕ ಪಾತ್ರೆಗೆ ತೆಗೆದು, ಸ್ವಲ್ಪ ನೀರಲ್ಲಿ ಬೇಯಿಸಿ, ಎಲುಬು ತೆಗೆದು, ಆ ನೀರಿನೊಂದಿಗೇ ಕೊಡಿ. ಬೆಂದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ತೊಡೆಯ ಮಾಂಸ, ಹೃದಯದ ತುಂಡುಗಳಲ್ಲಿ ಟಾರಿನ್ ಹೆಚ್ಚು. ಉಳಿದ ಬಿರಿಯಾನಿ, ಸಾರು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಹಾಳು ಮಾಡುತ್ತವೆ. ಇನ್ನು ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಅದನ್ನೇ ತಿಂದು ಬೆಳೆದ ಮರಿಯ ಎಲುಬು ಮುರಿಯುವಷ್ಟು ಮೆತ್ತಗಾಗುತ್ತದೆ. ಆದ್ದರಿಂದ ಮರಿಗಳಿಗೆ ಏನು ಕೊಡಬೇಕೆಂದು ಪಶು ಆಸ್ಪತ್ರೆಯಲ್ಲಿ ಕೇಳಿ, ರೀಲ್‌ಗಳಲ್ಲಿ ಅಲ್ಲ.

ಬೆಕ್ಕನ್ನು ಕಟ್ಟಿಹಾಕಿ, ಆಹಾರವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ಶಿಕ್ಷೆಗೆ ಒಳಗಾದ ಹದೀಸನ್ನು ನಾವೆಲ್ಲ ಮದರಸದಲ್ಲಿ ಕೇಳಿದ್ದೇವೆ. ಬಾಗಿಲು ಮುಚ್ಚಿದ ಮನೆಯಲ್ಲಿ ಸಾಕಿದ ಬೆಕ್ಕಿಗೆ ತನ್ನ ಊಟವನ್ನು ತಾನೇ ಆರಿಸಿಕೊಳ್ಳುವ ಅವಕಾಶವಿಲ್ಲ. ಆರಿಸುವವರು ನಾವು, ಉತ್ತರ ಕೊಡಬೇಕಾದವರೂ ನಾವೇ.